ಎಂಟು ದಿನದ ಕಾಲುವೆ

ನಮ್ಮ ಹಿತ್ತಿಲ ಬಂಡೆ ಈ ಊರಿನದಲ್ಲ.
ಪಡುವಣ ಬೆಟ್ಟದ ಕರುಳಿನದು, ಬೂದು, ಕರಿಚುಕ್ಕೆ,
ಎಂಬತ್ತು ಮೈಲಿ ಹಿಮದ ಹೊಟ್ಟೆಯೊಳಗೆ ಕೂತು ಬಂದು
ಇಳಿಸಿದಲ್ಲೇ ಇಳಿದದ್ದು.
ಯಾರೂ ಅದರ ಕಾಗದ ಕೇಳಲಿಲ್ಲ.
ಈಗ ಕುರಿಗಳು ಅದಕ್ಕೆ ಬೆನ್ನು ಉಜ್ಜುತ್ತವೆ,
ಚಿಕ್ಕಪ್ಪ ಬಾಲ್ತಸಾರ್ ಕತ್ತರಿ ಮಸೆಯುತ್ತಾನೆ.

ಅಜ್ಜಿ ಎಲೂಟೇರಿಯಾ ಹೇಳುತ್ತಿದ್ದಳು,
ಮಾತೇ ಕಷಾಯದ ಬುರುಡೆ ಕೈಯಿಂದ ಕೈಗೆ ದಾಟುವಾಗ,
ತನ್ನ ಸರದಿಗೆ ಮಾತು ನಿಲ್ಲಿಸಿ, ಹೀರಿ, ಮತ್ತೆ ಹಿಡಿದು:
ನದಿಗೆ ಗರಗಸದ ಕೆಲಸ ಮಾತ್ರ ಗೊತ್ತು.
ಕೊಯ್ಯುತ್ತೆ, ಸಪೂರ, ಕೆಳಕ್ಕೆ, ಕೆಳಕ್ಕೆ.
ಹಿಮದ್ದು ಕೀಸುಳಿ. ಅವಸರವಿಲ್ಲದ ಬಡಗಿ.
ಕಲ್ಲನ್ನೇ ಹಲ್ಲು ಮಾಡಿಕೊಂಡು
ಕಣಿವೆಯ ಎರಡೂ ಕೆನ್ನೆ ಹೆರೆದು
ತಳ ತೊಟ್ಟಿಲಾಗುವ ತನಕ ಬಿಡಲಿಲ್ಲ.
ಬದಿಯಿಂದ ಬಂದು ಸೇರುತ್ತಿದ್ದ ಪುಟ್ಟ ತೊರೆಗಳು
ಒಂದು ಬೆಳಗ್ಗೆ (ಅಜ್ಜಿಯ ಲೆಕ್ಕದ ಬೆಳಗ್ಗೆ, ಸಾವಿರಾರು ವರ್ಷ)
ಮೆಟ್ಟಿಲು ಕಿತ್ತ ಮನೆಯ ಬಾಗಿಲಲ್ಲಿ ನಿಂತಂತೆ ನಿಂತವು.
ಬೇರೆ ದಾರಿಯಿಲ್ಲದೆ ಹಾರಿದವು.
ಅದನ್ನೇ ಪ್ರವಾಸಿಗರು ಫೋಟೊ ಹಿಡಿಯುತ್ತಾರೆ.

ಹೆರೆದ ಹೊಟ್ಟು ಎಲ್ಲಿಗೆ ಹೋಗಬೇಕು?
ಕಣಿವೆಯ ಮೂಡಣ ಬಾಯಿಗೆ ಒತ್ತಿ ಒತ್ತಿ ರಾಶಿ ಹಾಕಿತು,
ಜಲ್ಲಿ, ಮಣ್ಣು, ಮನೆಯಷ್ಟು ದೊಡ್ಡ ಗುಂಡು.
ಆಮೇಲೆ ಕರಗಿಹೋಯಿತು, ಬಾಡಿಗೆ ಕೊಡದೆ ಓಡಿದವರ ಹಾಗೆ,
ಸಾಮಾನು ಅಲ್ಲೇ ಬಿಟ್ಟು.
ಅಟ್ಲಾಂಟಿಕ್‌ಗೆ ಹೋಗುತ್ತಿದ್ದ ನೀರು
ಆ ದಿಬ್ಬಕ್ಕೆ ಮುಗ್ಗರಿಸಿ, ಸರೋವರವಾಗಿ ಕೂತು, ಯೋಚಿಸಿ,
ಬೆನ್ನು ತಿರುಗಿಸಿ
ಬೆಟ್ಟಗಳ ಸಂದಿಯಲ್ಲೇ ನುಸುಳಿ ಪೆಸಿಫಿಕ್ ಸೇರಿತು.

ಗಡಿ ಗುರುತಿಸುವವರು ಕುದುರೆಯೇರಿ ಬಂದರು.
ಒಬ್ಬ ಹೇಳಿದ: ಎತ್ತರದ ಶಿಖರಗಳೇ ಗಡಿ.
ಇನ್ನೊಬ್ಬ: ಅಲ್ಲ, ನೀರು ಬೇರೆಯಾಗುವಲ್ಲಿ ದೇಶ ಬೇರೆಯಾಗಬೇಕು.
ಎರಡೂ ಒಂದೇ ಅಂದುಕೊಂಡು ಹಿಂದಿನವರು ಸಹಿ ಹಾಕಿದ್ದರಂತೆ,
ಹಿಮ ಇಲ್ಲಿ ಏನು ಮಾಡಿಟ್ಟಿದೆ ಅಂತ ಬಂದು ನೋಡದೆ.

ತಾತ ಫರ್ಮಿನ್ ಕೂಲಿಗೆ ಹೋದ. ಆರು ಜನ, ಆರು ಗುದ್ದಲಿ,
ಎಂಟು ದಿನ, ದಿನಕ್ಕೊಂದು ಕುರಿ.
ಯಾಕೆ ಅಗೆಯಬೇಕು ಅಂತ ಯಾರೂ ಹೇಳಲಿಲ್ಲ.
ಒಂಬತ್ತನೆಯ ಬೆಳಗ್ಗೆ ಪಡುವಣಕ್ಕೆ ಹರಿಯುತ್ತಿದ್ದ ಹೊಳೆ
ಕಾಲುವೆಯ ಬಾಯಲ್ಲಿ ಸ್ವಲ್ಪ ಹೊತ್ತು ಕೆಸರಾಗಿ ಸುತ್ತಿ
ಮೂಡಣಕ್ಕೆ ಹೆಜ್ಜೆಯಿಟ್ಟಿತು, ಮರೆತ ಕಡಲಿನ ಕಡೆಗೆ.
ಅಧಿಕಾರಿ ಟೋಪಿ ತೆಗೆದು ನಕ್ಕ.
ತಾತನಿಗೆ ಮಾತ್ರ ಹೆದರಿಕೆಯಾಯಿತಂತೆ.
ಅಷ್ಟು ಹಿಮ, ಅಷ್ಟು ಕಾಲ ತಳ್ಳಿ ಕಟ್ಟಿದ್ದನ್ನು
ನನ್ನ ಒಂದು ವಾರದ ಸೊಂಟನೋವು ಕೆಡವಿತಲ್ಲ!
ಅವತ್ತು ಮಾಂಸ ಮುಟ್ಟಲಿಲ್ಲ. ಕೂಲಿಯನ್ನೂ ಎಣಿಸಿಕೊಳ್ಳಲಿಲ್ಲ,
ಎರಡು ಪೆಸೊ ಕಮ್ಮಿಯಿತ್ತು ಅಂತ ಅಜ್ಜಿ ಸಾಯುವ ತನಕ ಗೊಣಗಿದಳು.

ನಮ್ಮ ಮನೆ ಅದೇ ದಿಬ್ಬದ ನೆತ್ತಿಯ ಮೇಲೆ.
ಉಣ್ಣೆ ತೊಳೆದ ಬೋಗುಣಿಯನ್ನು ಹೊಸ್ತಿಲಾಚೆ ಬಗ್ಗಿಸುತ್ತೇನೆ.
ಜಿಡ್ಡು ನೀರು ಒಂದು ಕ್ಷಣ ಅಲ್ಲೇ ನಡುಗುತ್ತ ನಿಲ್ಲುತ್ತದೆ.
ಚಿಕ್ಕಪ್ಪ ಮಸೆಯುವುದು ನಿಲ್ಲಿಸಿ ಬಗ್ಗಿ ನೋಡುತ್ತಾನೆ.

ನಿನ್ನೆ ಎಡಕ್ಕೆ ಹೋಗಿತ್ತು.