ನೆಲದ ತಂತಿ

ಬಜ್ಪೆ ಗುಡ್ಡದ ಮೇಲೆ, ಹ್ಯಾಂಗರಿನ ಕಾದ ತಗಡಿನ ಕೆಳಗೆ
ನಾಲ್ಕು ಸೀಟಿನ ಮುದಿ ವಿಮಾನದೊಳಗೆ ತಲೆ ತೂರಿಸಿ
ಮೂರು ದಿನದಿಂದ ಅಂಗಾತ ಮಲಗಿದ್ದೆ.
ಕ್ಯಾಪ್ಟನ್ ಗ್ರೆಟ್ಟಾ ತಾವ್ರೊ ತಂದ ಅಂಗೈಯಗಲದ ಜಿಪಿಎಸ್ ಹೇಳಿದ್ದಕ್ಕೆ
ಪ್ಯಾನೆಲ್ಲಿನ ಆಟೊಪೈಲಟ್ ಕಿವಿಗೊಡುತ್ತಿಲ್ಲ.
ಇದಕ್ಕೆ ಎರಡು ವರ್ಷ. ಅದಕ್ಕೆ ನನ್ನ ವಯಸ್ಸು.

ಕೈಪಿಡಿಯಲ್ಲಿ ಎಲ್ಲ ಇತ್ತು, ಹಳದಿ ತಂತಿ, ಬಿಳಿ ತಂತಿ,
ಸೆಕೆಂಡಿಗೆ ನಾಲ್ಕು ಸಾವಿರದ ಎಂಟುನೂರು ಬಿಟ್.
ಕೊನೆಯ ಪುಟದ ಸಣ್ಣಕ್ಷರ ಮಾತ್ರ ಈಗ ಕಂಡಿತು:
ಈ ಭಾಷೆ ಮೂಲದಲ್ಲಿ ದೋಣಿಗಳದ್ದು.

ದೋಣಿಯೆಂದರೆ ದಕ್ಕೆ, ದಕ್ಕೆಯೆಂದರೆ ದೂಮಣ್ಣ ಮೆಂಡನ್.
ಟ್ರಾಲ್‌ಬೋಟಿನ ವಯರ್‌ಲೆಸ್ಸು, ಮೀನಿನ ಹಿಂಡು ತೋರಿಸುವ ಪರದೆ,
ಉಪ್ಪು ತಿಂದದ್ದನ್ನೆಲ್ಲ ಕೆರೆದು ಮಾತಾಡಿಸುವವ.
ಬಂದ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟ.
ಹ್ಯಾಂಗರಿಗೆ ಬರಿಗಾಲಲ್ಲಿ ಬಂದವರನ್ನು ನಾನು ಕಂಡಿರಲಿಲ್ಲ.

ಪ್ಯಾನೆಲ್ಲಿನ ಹಿಂದೆ ಟಾರ್ಚು ಹಿಡಿದು ನಕ್ಕ:
"ಬಾಯಿಗೆ ಬಾಯಿ ಕಟ್ಟಿದ್ದೀರಿ ಮಾರಾಯ್ರೆ.
ಇಬ್ಬರಿಗೂ ಹೇಳುವುದೇ ಕೆಲಸ. ಕೇಳುವವ ಯಾರು?"

ಹಳದಿಯನ್ನು ಬಿಳಿಯ ಜಾಗಕ್ಕೆ ಬೆಸೆದೆವು.
ಲ್ಯಾಪ್‌ಟಾಪಿನಲ್ಲಿ ಸಾಲು ಬರತೊಡಗಿತು,
ಡಾಲರ್ ಚಿಹ್ನೆಯಿಂದ ಶುರು, ಅಲ್ಪವಿರಾಮದ ಮೇಲೆ ಅಲ್ಪವಿರಾಮ,
ನಡುವೆ ಏನೂ ಇಲ್ಲ. ಮಡಲಿಲ್ಲದ ಚಪ್ಪರದ ಹಾಗೆ.
ಆಮೇಲೆ ಒಂದು 'ವಿ': ನಂಬಬೇಡಿ ಎಂದು ಅರ್ಥ.
"ತಗಡಿನಡಿ ಕೂತು ಅದಾದರೂ ಎಂತ ಹೇಳೀತು? ಹೊರಗೆ ತಳ್ಳುವ."

ತಳ್ಳಿದೆವು. ಮುಂಗಾಲಿನ ಚಕ್ರ ಕಿರ್ರೆಂದಿತು.
ಬಿಸಿಲಿಗೆ ಬಂದು ಅರ್ಧ ಬೀಡಿಯಷ್ಟು ಹೊತ್ತು
(ಅಲ್ಲಿ ಬೀಡಿ ಸೇದುವ ಹಾಗಿಲ್ಲ, ಅವನ ಲೆಕ್ಕ ಅದು)
'ವಿ' ಹೋಗಿ 'ಎ' ಆಯಿತು.
ಹನ್ನೆರಡು ಐವತ್ತೇಳು ಉತ್ತರ. ಎಪ್ಪತ್ತನಾಲ್ಕು ಐವತ್ತಮೂರು ಪೂರ್ವ.
ದೂಮಣ್ಣನ ಬೆರಳು ಅಲ್ಲಿ ನಿಲ್ಲಲಿಲ್ಲ,
ಮುಂದಿನ ಸಾಲಿನ ಒಂದು ಅಂಕಿಯ ಮೇಲೆ ನಿಂತಿತು.
"ಇದು ಎಂತದ್ದು?"
ಎತ್ತರ, ಎಂದೆ. ಸಮುದ್ರದಿಂದ ಮೀಟರಿನಲ್ಲಿ.
"ಓ. ಬೋಟಿನಲ್ಲಿ ಇದು ಸೊನ್ನೆಯ ಆಚೀಚೆಯೇ. ನೋಡಿಯೇ ಇಲ್ಲ ನಾನು."

ಇಂಜಿನ್ ಕೊಟ್ಟೆ. ಹೆಡ್‌ಸೆಟ್ಟಿನೊಳಗೆ ಜೀರುಂಡೆ,
ವೇಗ ಏರಿದಷ್ಟೂ ಸಣ್ಣ ಸ್ವರ.
ಅವನಿಗೊಂದು ಕಿವಿ ಕೊಟ್ಟೆ. ಕೇಳಿ, ಇಂಜಿನ್ ನಿಂತ ಮೇಲೆ ಕೇಳಿದ:
"ಹಾರುವ ಸಾಮಾನಿಗೆ ನೆಲ ಯಾವುದು?"
ಮೈಯೇ, ಎಂದೆ. ಇಡೀ ಅಲ್ಯೂಮಿನಿಯಂ.
"ನಮಗೆ ಮರ. ಅಡಿಗೆ ತಾಮ್ರದ ತಗಡು ಹೊಡೆದು
ನೀರನ್ನೇ ನೆಲ ಮಾಡುತ್ತೇವೆ. ಆದರೆ ಒಂದೇ ಕಡೆ.
ನೀವು ಎರಡು ಕಡೆ ಊರಿದ್ದೀರಿ ನೋಡಿ."
ಊರಿದ್ದೆ. ಮೊನ್ನೆ ರಾತ್ರಿ, ಭದ್ರವಾಗಲಿ ಎಂದು.

ಒಂದನ್ನು ಕತ್ತರಿಸಿದೆ. ಜೀರುಂಡೆ ಸತ್ತಿತು.
ದಾರಿಯೊಂದನ್ನು ಬರೆದು, ನಾವು ಅದರ ಬಲಕ್ಕೆ ಸರಿದಿದ್ದೇವೆಂದು
ಯಂತ್ರಕ್ಕೆ ತೋರುವಂತೆ ಮಾಡಿದೆ.
ಯಾರೂ ಮುಟ್ಟದ ಹಿಡಿ ಎಡಕ್ಕೆ ಎರಡು ಬೆರಳು ವಾಲಿತು.
ದೂಮಣ್ಣ ಕಾಲು ಹಿಂದೆಳೆದುಕೊಂಡ.
"ಇತ್ತೆ ಕೇಣುಂಡು," ಎಂದ, ನನಗಲ್ಲ, ಹಿಡಿಗೆ.

ಹಲಗೆಗೆ ಚೀಟಿ ಅಂಟಿಸಿದೆ:
ಕಣ್ಣಿಗೆ ದಾರಿ ಕಾಣುವಾಗ ಮಾತ್ರ ಬಳಸತಕ್ಕದ್ದು.
ಓದಿ ಹೇಳಿದೆ. ಅವನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ.
"ಅಂಕಿ ಒಂದು ಕಣ್ಣಲ್ಲಿ, ನೀರಿನ ಬಣ್ಣ ಇನ್ನೊಂದರಲ್ಲಿ."

ಲಾಗ್‌ಪುಸ್ತಕದಲ್ಲಿ ಸಹಿ ನನ್ನದು, ಲೈಸೆನ್ಸು ನನ್ನದು.
ಅವನು ತಂತಿಯ ಚಿತ್ರ ಬರೆದದ್ದು ಐಸ್ ಪ್ಲಾಂಟಿನ ಬಿಲ್ಲಿನ ಬೆನ್ನಿಗೆ,
ಹದಿನಾರು ಬ್ಲಾಕು, ಬಾಕಿ ಇದೆ.
ಮಡಚಿ ನಕ್ಷೆಗಳ ಜೊತೆ ಇಟ್ಟಿದ್ದೇನೆ. ಇನ್‌ಸ್ಪೆಕ್ಟರ್ ಕೇಳಿದರೆ ಏನೆನ್ನಲಿ, ಗೊತ್ತಿಲ್ಲ.

ಬಸ್ಸಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿದವ
ಮತ್ತೆ ಬಿಟ್ಟು ಒಳಗೆ ಬಂದ, ಆ ಅಂಕಿ ನೋಡಲಿಕ್ಕೆ.
ನೂರ ಎರಡು. ನೂರ ಮೂರು. ನೂರ ಎರಡು.
ನಾವಿಬ್ಬರೂ ನಿಂತಲ್ಲೇ ಇದ್ದೆವು.