ತೂಕದ ನಗಿ

ಬರ್ರಿ ಮೇಟಗುಡ್ಡ ಸಾಹೇಬ್ರ, ಚಪ್ಪಲಿ ಬಿಡಬ್ಯಾಡ್ರಿ,
ಇದು ಗುಡಿ ಅಲ್ಲ, ರದ್ದಿ ಅಂಗಡಿ.
ಕುಂದರ್ರಿ, ಆ ಪೇಪರ್ ಗಂಟಿನ ಮ್ಯಾಲ.
ಮೊನ್ನಿನ ಮಂತ್ರಿ ಮಾರಿ ಐತಿ, ಇರಲಿ ಬಿಡ್ರಿ,
ಐದು ವರ್ಷ ಆಂವ ನಮ್ಮ ಮ್ಯಾಲ ಕುಂತಿಲ್ಲೇನು?

ಏನರ ನಗೂವಂಥಾದ್ದು ಕೊಡು ಅಂದ್ರಿ.
ಮೊಮ್ಮಕ್ಕಳಿಗೇನ್ರಿ? ಅಲ್ಲ? ನಿಮಗ?
ಹಂಗಾರ ತಡೀರಿ.
ಆನಿ, ಇಲಿ, ಜಾಣ ನರಿ ಎಲ್ಲಾ ಮುಂದಿನ ಸಾಲಿನ್ಯಾಗ ಅದಾವ,
ಅದು ಹಲ್ಲು ಬರೂ ಕಾಲದ ನಗಿ.
ನಿಮಗ ಬೇಕಾದ್ದು ಹಲ್ಲು ಅಳ್ಳಾಡೂ ಕಾಲದ್ದು.
ಅದು ಹಿಂದಿನ ಗ್ವಾಡಿಗೆ, ಗೋಣಿಚೀಲದ ಕೆಳಗ,
ಯಾರೂ ಕೇಳೂದಿಲ್ಲ ಅಂತ ಬೆಕ್ಕು ಮರಿ ಹಾಕೇತಿ.

ಇದು ನೋಡ್ರಿ, 'ಕುರ್ಚಿಗೆ ವರ್ಗ ಆತು'.
ಸರ್ಕಾರ ಸಾಹೇಬನ ಬದ್ಲಿ ಅಂವನ ಕುರ್ಚಿ ವರ್ಗಾ ಮಾಡತೈತಿ.
ಕುರ್ಚಿ ಹೋಗತೈತಿ, ಆಂವ ಏಳೂದಿಲ್ಲ.
ಹನ್ನೊಂದು ವರ್ಷ ಬರೇ ಗಾಳ್ಯಾಗ ಕುಂತು
ಪೆನ್ಶನ್ ತಗೋತಾನ, ಯಾರಿಗೂ ಗೊತ್ತಾಗೂದಿಲ್ಲ.
ಜಮಖಂಡಿ ಕಡೆ ಲಗ್ನಪತ್ರಿಕಿ ಪ್ರೆಸ್ಸಿನ್ಯಾಗ ಅಚ್ಚಾದದ್ದು,
ಅದಕ ನೋಡ್ರಿ, ಎಲ್ಲಾರ ಮಾರಿಗೂ ಅರಿಷಿಣ.

ಇದರಾಗ ಮಾತ ಇಲ್ಲ.
ಒಬ್ಬಾಕಿ ರೊಟ್ಟಿ ಬಡೀತಾಳ, ಮೂವತ್ತೆರಡು ಪುಟ.
ಒಂದೊಂದು ರೊಟ್ಟಿಯೊಳಗ ಮನ್ಯಾಗಿನವರ ಒಂದೊಂದು ಮಾರಿ.
ಅತ್ತಿದು ಉಬ್ಬತೈತಿ. ಗಂಡಂದು ತುಸು ಹೊತ್ತತೈತಿ.
ಕಡೇದು ಸಣ್ಣದು, ಆಕಿದ ಮಾರಿ,
ಬುಟ್ಟ್ಯಾಗ ಅಷ್ಟೊತ್ತಿಗೆ ಖಾರ ತೀರಿರತೈತಿ.
ಇಳಕಲ್ಲಿನ ಒಬ್ಬ ಮಾಸ್ತರ್ಬಾಯಿ ಬರದದ್ದಂತ.
ಹೆಸರು ಹಾಕಿಲ್ಲ, ಐದು ಬೆರಳಿನ ಗುರುತು ಅಷ್ಟ.
ನಾಲ್ಕು ಪ್ರತಿ ಖರ್ಚಾದ್ವು,
ಎರಡು ಆಕಿ ಮೈದುನ ವಾಪಸ್ ತಂದು ಕೊಟ್ಟ.

ನಗಿ ಬರವಲ್ದೇನ್ರಿ? ಚಹಾ ಹೇಳತೀನಿ.

ಅಲ್ಲಿತನಕ ಇದನ್ನ ನೋಡ್ರಿ, ಸಾವಕಾಶ, ದಾರ ಬಿಚ್ಚೀತು.
'ಮೀನಿನ ಮುನಸಿಪಾಲ್ಟಿ'.
ಅಚ್ಚಾಗಿಲ್ಲ. ಗೋಣಿ ದಾರದಿಂದ ಹೊಲದದ್ದು, ಇರೂದ ಒಂದು.
ಹಳೇ ಊರಾಗ ನೀರು ಬಂದ ಮ್ಯಾಲಿನ ಕತಿ.
ಮುಳುಗಿದ ಕಚೇರ್ಯಾಗ ಮೀನು ಕುಂತಾವ,
ಏಡಿ ಫೈಲು ಹೊರತೈತಿ, ಅದಕ ಫೈಲು ಅಡ್ಡಡ್ಡ ನಡೀತೈತಿ.
ಒಂದು ಆಮಿ ಪರಿಹಾರ ಕೇಳಾಕ ಬರತೈತಿ.
'ಮನಿ ಬೆನ್ನ ಮ್ಯಾಲ ಐತಲ್ಲ, ಮುಳುಗಿದ್ದೇನು?' ಅಂತಾವ.
ಹತ್ತೊಂಬತ್ತನೇ ಪುಟ ತಗೀರಿ.
ಅಲ್ಲೊಬ್ಬ ಕ್ಲಾರ್ಕ್. ಮಾರಿ ಇಲ್ಲ,
ಒಂದು ದೊಡ್ಡ ಕಿವಿ, ಕಿವಿಗೊಂದು ಹಸರು ಪೆನ್ನು.
ಏನ ಕೇಳ್ರಿ, 'ನಾಳೆ ಬರ್ರಿ' ಅಂತೈತಿ ಆ ಕಿವಿ.
ಎಷ್ಟು ಸಲ ಅಂದ್ರ,
ದಣದು ದಣದು 'ನಾಳೆ'ನ ಒಂದಿನ ರಾಜೀನಾಮೆ ಬರದು ಕೊಡತೈತಿ.

ಯಾಕ್ರಿ, ಕಿವಿ ಮುಟ್ಟಿಕೊಂಡ್ರಿ?

ಯಾರು ಬರದದ್ದಂದ್ರ, ನಿಮಗ ಗೊತ್ತಿದ್ದಾಂವ.
ನಿಮ್ಮ ಕಚೇರಿಗೆ ಚಹಾ ತರತಿದ್ದನಲ್ಲ, ದಾವಲಸಾಬ ನದಾಫ,
ಕಪ್ಪಿನ ಕೆಳಗ ಸಕ್ರಿ ಉಳಿಸಿ ಬಯ್ಸಿಕೊಳ್ಳಾಂವ.
ಹಾಳಿ ಎಲ್ಲಿಂದ ಬರಬೇಕು ಅಂವಗ?
ತಿರಸ್ಕಾರ ಆದ ಅರ್ಜಿ ನೀವ ಕಿಲೋ ಲೆಕ್ಕಕ್ಕ ನನಗ ಹಾಕಿದ್ರಿ,
ಅದರ ಬೆನ್ನು ಬಿಳೀದು ಇರತೈತಲ್ರಿ.

ಆ ಪುಟ ಬೆಳಕಿಗೆ ಹಿಡೀರಿ. ಹಾಂ, ಹಿಂಗ.
ಆಮಿ ಚಿಪ್ಪು ಅಂವ ಬರದದ್ದಲ್ಲ.
ಆ ಕಡೆಯಿಂದ ಮಸಿ ಇಳದೈತಿ,
ನಮ್ಮಪ್ಪ ಫಕೀರಪ್ಪನ ಹೆಬ್ಬಟ್ಟು ಅದು.
ಅದಕ್ಕ ತಲಿ ಒಂದು, ಕಾಲು ನಾಲ್ಕು ಹಚ್ಚ್ಯಾನ ಅಷ್ಟ.
ನಾನು ನೋಡಿದ ದಿನ ತಕ್ಕಡಿ ಹಿಡಕೊಂಡ ನಕ್ಕೆ,
ಮುಳ್ಳು ಅಳ್ಳಾಡಿ ಗಿರಾಕಿ ಜಗಳಕ್ಕ ನಿಂತ.

ಚಹಾ ಬಂತು, ಆರತೈತಿ ಕುಡೀರಿ.
ರೊಟ್ಟೀದು, ಕುರ್ಚೀದು, ಎರಡೂ ಸೇರಿ ಮುನ್ನೂರು ಗ್ರಾಮ್.
ಚಿಲ್ಲರ ಇಲ್ಲಂದ್ರ ಇರಲಿ.
ಮೀನಿಂದು? ಅದಕ್ಕ ರೇಟ್ ಹಚ್ಚಿಲ್ಲ.
ಓದಾಕ ಬೇಕಂದ್ರ ಇಲ್ಲೇ ಕುಂತು ಓದಬೇಕು, ಹತ್ತೊಂಬತ್ತರ ಮುಂದಿಂದು.
ಈಗ ಬಾಗಿಲಾ ಹಾಕೂ ಹೊತ್ತಾತು ಸಾಹೇಬ್ರ,

ನಾಳೆ ಬರ್ರಿ.

ಅಯ್ಯ! ನೋಡ್ರಿ ನೋಡ್ರಿ,
ಮೂಗಿನಾಗ ಚಹಾ ಬಂತು.