ಗೇಟಿನ ಆಚೆ ಈಚೆ

ಹನ್ನೊಂದು ನಲವತ್ತರ ಗೂಡ್ಸು ದಾಟಿತು, ಅಂದೆ.
ದಾಟಿತು, ಬರೆದುಕೊಂಡೆ, ಅಂದ ವೆಂಡೆಲ್
ಆರು ಕಿಲೋಮೀಟರ್ ಆಚೆಯ ಗೇಟಿನಿಂದ.
ಆಮೇಲೆ ಕೆಮ್ಮಿ, ದನಿ ತಗ್ಗಿಸಿ:
‘ಸರಿ, ಪಿರೋಷ್ಕಾ. ನಿನ್ನವನು ಕುದುರೆ ಹತ್ತಿದ್ದಾನಾ?’

ರೈಲ್ವೆಯ ಕಪ್ಪು ಫೋನು, ಹಿಡಿ ತಿರುಗಿಸಿದರೆ ಗಂಟೆ.
ಹಂಗೇರಿಯ ಬಯಲು; ರಾತ್ರಿಯನ್ನು ತಡೆಯುವುದಕ್ಕೆ
ಒಂದು ದಿಬ್ಬವೂ ಇಲ್ಲ.
ನನ್ನ ದೀಪ ಅವನಿಗೆ, ಅವನದು ನನಗೆ
ಮಂಜಿಲ್ಲದ ದಿನ ಒಂದು ಚುಕ್ಕಿ.

ನನ್ನವನು ಯಾವಾಗಲೂ ಒಬ್ಬನೇ: ಕುನ್ ಕುಲದ ಬಿಲ್ಲಾಳು,
ನಮ್ಮದು ಅವನ ರಕ್ತ ಅಂತ ಅಜ್ಜಿ ಹೇಳಿದ್ದು.
ವೆಂಡೆಲ್ ವಾರಕ್ಕೊಬ್ಬನನ್ನು ತರುತ್ತಾನೆ,
ಸಂತೆಯಿಂದ ಕೋಳಿ ತಂದ ಹಾಗೆ, ಕಾಲು ಕಟ್ಟಿ:
ರೋಮಿನ ಕಾಲಾಳು, ಗಿಡ್ಡ ಈಟಿಯ ಜುಲು,
ಕೊಡಲಿಯ ವೈಕಿಂಗ್. ಅವನ ಮೈ ನಾರುತ್ತಿತ್ತು, ಇಲ್ಲ, ನಾರುತ್ತಿರಲಿಲ್ಲ;
ಅದಕ್ಕೇ ಎರಡು ರಾತ್ರಿ ಹೋದವು.

ಈ ಚಳಿಗಾಲ ಸಮುರಾಯ್.
ವಿಯೆನ್ನಾದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಂಡಿದ್ದನಂತೆ
ಕಬ್ಬಿಣದ ಮುಖ, ಅದಕ್ಕೆ ಕುದುರೆಗೂದಲ ಮೀಸೆ.
‘ಬಿದ್ದರೂ ಅವನ ಮೀಸೆ ಮಣ್ಣಾಗದು.’
‘ಆಗದು ಬಿಡು, ಮೀಸೆ ಅವನದಲ್ಲವಲ್ಲ,
ಕುದುರೆಯದು.’
ತಂತಿಯ ತುಂಬ ನಗು. ನಡುವೆ ಯಾವುದೋ ಸ್ಟೇಷನ್ನು
‘ಲೈನ್ ಬಿಡಿ’ ಎಂದು ಬೈಯಿತು.

ಯುದ್ಧಕ್ಕೆ ಮೊದಲು ಷರತ್ತು:
ಎಷ್ಟು ಹೆಜ್ಜೆ ದೂರ? ಗಾಳಿ ಯಾರ ಬೆನ್ನಿಗೆ?
‘ಮಳೆ ಬರಲಿ,’ ಅಂದ ಜಾಣ, ‘ನಿನ್ನ ಬಿಲ್ಲಿನ
ಕೊಂಬು, ನರ, ಮರ ಹಿಡಿದ ಅಂಟು ಬಿಡುತ್ತೆ.’
ಮಳೆ ಕೊಟ್ಟೆ. ಬದಲಿಗೆ ಕೆಸರು ತಗೊಂಡೆ,
ನಮ್ಮೂರ ಮಾರ್ಚ್ ತಿಂಗಳ ಕೆಸರು,
ಒಂದು ಟ್ರ್ಯಾಕ್ಟರ್ ನುಂಗಿ ಅರಗಿಸಿಕೊಂಡದ್ದು.
‘ಅಯ್ಯೋ, ಅವನ ಚಪ್ಪಲಿ ಹುಲ್ಲಿಂದು ಕಣೇ,’ ಅಂದ
ತನ್ನ ಮಗನಿಗೇ ಬೂಟು ಸಿಗದವನ ಸಂಕಟದಲ್ಲಿ.

ಎರಡು ಹದಿನೈದಕ್ಕೆ ಸಮುರಾಯ್ ಓಡಿ ಬಂದ,
ಕತ್ತಿ ಎತ್ತಿದ. ನಾನು ಬಾಣ ಹೂಡಿದೆ.
ಅಷ್ಟರಲ್ಲಿ ಗಂಟೆ. ಸಕ್ಕರೆ ಗೆಡ್ಡೆಯ ವ್ಯಾಗನ್ನು, ಮೂವತ್ತೆಂಟು.
ಗೇಟು ಇಳಿಸಿದೆ.
ಕೆಂಪು ಬಿಳಿ ಕಂಬದ ಆಚೆ ಅವನು, ಈಚೆ ಇವನು
ನಿಂತರು, ಹಾಲಿನ ಲಾರಿಯ ಹಿಂದೆ ನಿಲ್ಲುವವರ ಹಾಗೆ.
ಮಳೆ ಕಬ್ಬಿಣದ ಗಲ್ಲದಿಂದ ತೊಟ್ಟಿಕ್ಕಿತು.
ಕುದುರೆ ಬಾಲ ಆಡಿಸಿತು.
ವ್ಯಾಗನ್ನು ಎಣಿಸುತ್ತ ಇಬ್ಬರ ತುಟಿಯೂ ಅಲ್ಲಾಡಿತು
ಅನ್ನಿಸಿದ್ದನ್ನು ವೆಂಡೆಲನಿಗೆ ಹೇಳಲಿಲ್ಲ.
ದಾಟಿತು, ಅಂದೆ. ಬರೆದುಕೊಂಡೆ, ಅಂದ.
ಎಲ್ಲಿದ್ದೆವು?
ಇಬ್ಬರಿಗೂ ನೆನಪಾಗಲಿಲ್ಲ.

ಹತ್ತೊಂಬತ್ತು ವರ್ಷ. ಅವನನ್ನು ಕಂಡದ್ದು ಎರಡೇ ಸಲ.
ಒಮ್ಮೆ ಸಂಬಳದ ಕಚೇರಿಯ ಸಾಲಿನಲ್ಲಿ;
ಇನ್ನೊಮ್ಮೆ ನನ್ನ ಗಂಡನ ಮಣ್ಣಿಗೆ ಬಂದಿದ್ದ,
ಗಿಡ್ಡ ಮನುಷ್ಯ, ಟೋಪಿ ಕೈಯಲ್ಲಿ.
ಏನು ಹೇಳುವುದೆಂದು ತಿಳಿಯದೆ
‘ಜುಲು ಗುರಾಣಿ ದನದ ತೊಗಲು, ಗೊತ್ತಾ,’ ಅಂದ.
ಆ ದಿನ ಯಾರೂ ಅದಕ್ಕಿಂತ ಒಳ್ಳೆ ಮಾತಾಡಲಿಲ್ಲ.

ಏಪ್ರಿಲ್‌ನಲ್ಲಿ ಹಳದಿ ಕೋಟಿನ ಹುಡುಗರು ಬಂದು
ಗೇಟಿಗೆ ಕಣ್ಣು ಕೂರಿಸಿದರು.
ಇನ್ನು ತಾನೇ ಇಳಿಯುತ್ತೆ, ತಾನೇ ಏಳುತ್ತೆ.
ಕೊನೆಯ ರಾತ್ರಿ ವೆಂಡೆಲ್ ರಾಜಿಗೆ ಬಂದ:
‘ನಿನ್ನವನೇ ಗೆದ್ದ ಅಂತ ಬರಕೋ.’
ಮೈ ಉರಿದುಹೋಯಿತು. ದಾನ ಕೊಟ್ಟ ಗೆಲುವು
ನನ್ನ ಬಿಲ್ಲಾಳಿಗೆ ಬೇಡ.
‘ಕತ್ತಿ ಎತ್ತೋ,’ ಅಂದೆ, ‘ಎತ್ತೋ ಹುಲ್ಲು ಚಪ್ಪಲಿಯವನೇ!’
ಎತ್ತಲಿಲ್ಲ.
ನಾಲ್ಕು ಐದರ ಪ್ಯಾಸೆಂಜರ್ ಬರುತ್ತಿತ್ತು.

ತಂತಿ ಕಿತ್ತ ಫೋನು ಈಗ ನನ್ನ ಅಡುಗೆಮನೆಯಲ್ಲಿ,
ಮೆಣಸಿನ ಪುಡಿ ಡಬ್ಬಿಯ ಪಕ್ಕ.
ಮೊನ್ನೆ ಬಸ್ಸು ಅದೇ ಗೇಟಿಗೆ ನಿಂತಿತು.
ಗೇಟು ಬಿದ್ದಿತ್ತು, ರೈಲು ಬರಲೇ ಇಲ್ಲ, ಡ್ರೈವರ್ ಬೈದ.
ನಾನು ಕಿಟಕಿ ಒರೆಸಿ ನೋಡಿದೆ:
ಕಂಬದ ಬುಡದಲ್ಲಿ ಎರಡು ಗುಂಡಿ, ನೀರು ತುಂಬಿ.
ಲಾಳದ ಗುರುತೋ, ಹುಲ್ಲು ಚಪ್ಪಲಿಯದೋ
ಹೇಳುವುದು ಕಷ್ಟ.
ವೆಂಡೆಲನಾಗಿದ್ದರೆ ಹೇಳಿಬಿಡುತ್ತಿದ್ದ.
ತಪ್ಪೇ ಹೇಳುತ್ತಿದ್ದ.